ಆಟದ ಬಯಲಿನ ಬಾಗಿಲು

ಬೆಂಗಳೂರಿಗೆ ಹೋದಾಗ ಹಲಸೂರಿನ ಸಮೀಪದ ಗೌತಮಪುರಕ್ಕೊಮ್ಮೆ ಹೋಗಿಬನ್ನಿ. ಅಲ್ಲಿ ಬುದ್ಧ, ಡಾ. ಅಂಬೇಡ್ಕರ್ ಹಾಗೂ ಸಂತ ಮದರ್ ತೆರೇಸಾರ ಪ್ರತಿಮೆಗಳ ಜೊತೆಗೆ ನಾಲ್ಕನೆಯದೊಂದಿದೆ: ಬ್ರೆಜಿಲಿನ ಫುಟ್ಬಾಲ್ ಆಟಗಾರ ಪೆಲೆಯವರದು! ಈ ಮಹನೀಯರ ಸಾಲಿನಲ್ಲಿ ಆಟಗಾರನೇ ಎಂದು ಮೊದಲು ನನಗೂ ಅಚ್ಚರಿಯಾಯಿತು. ಅಲ್ಲಿನ ಮೈದಾನವನ್ನು ಕಂಡ ಮೇಲೆ ಅರ್ಥವಾಯಿತು. ಇಕ್ಕಟ್ಟಿನ ಮನೆಗಳ ಬಡ ಮಕ್ಕಳು ಅಲ್ಲಿಂದಲೇ ರಾಜ್ಯ ತಂಡದವರೆಗೂ ಏರಿದ್ದಾರೆ.

ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕಥೆಯೂ ಇಂಥದೇ. 1880ರಲ್ಲಿ ಅಲ್ಲಿನ ವೆಸ್ಟ್ ಗಾರ್ಟನ್ನಿನ ಸಂತ ಮಾರ್ಕರ ಆಂಗ್ಲಿಕನ್ ಚರ್ಚಿನವರು ಕಾರ್ಮಿಕರ ಕೇರಿಯ ಯುವಕರಿಗಾಗಿ ಒಂದು ತಂಡ ಕಟ್ಟಿದರು. ಇಂದಿನ ಸಿರಿವಂತ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಮೂಲ ಅದೇ.

ಆದರೆ ಬಯಲು ಕೊಡುವವರೇ ಇಲ್ಲದಿದ್ದರೆ? 1846ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ, ಹುಡುಗರ ತುಳಿತಕ್ಕೆ ಹುಲ್ಲಿನ ಬೇರೂ ಉಳಿಯದೆಂದು ಫಿಲಿಪ್ಪಿ ಸಹೋದರರು ಸಂತ ಡಾನ್ ಬೋಸ್ಕೊ ಅವರಿಂದ ತಮ್ಮ ಹೊಲವನ್ನು ಬಿಡಿಸಿಕೊಂಡರು. ಹುಲ್ಲಿಗಿದ್ದ ಬೆಲೆ ಹುಡುಗರಿಗಿರಲಿಲ್ಲ!

ನಮ್ಮ ಕಲಬುರಗಿಯ ರೋಜಾದಲ್ಲಿ, ಬಂದೇ ನವಾಜರ ದರ್ಗಾದ ಸುತ್ತಲಿನ ಓಣಿಗಳಲ್ಲಿ, ಸಂಜೆ ಚೆಂಡು ಒದೆಯುವ ಮಕ್ಕಳು ಆಟೋ ಬಂದಾಗಲೆಲ್ಲ ಗೋಡೆಗೆ ಒರಗಿ ದಾರಿ ಬಿಡುತ್ತಾರೆ. ನಮ್ಮ ಎಷ್ಟೋ ಚರ್ಚು, ಶಾಲೆಗಳ ಅಂಗಳಗಳಿಗಾದರೋ ಭಾನುವಾರ ಬಲಿಪೂಜೆ ಮುಗಿದೊಡನೆ ಕೀಲಿ ಬೀಳುತ್ತದೆ. ಕಿಟಕಿಯ ಗಾಜು ಒಡೆದೀತು, ಹೂಕುಂಡ ಉರುಳೀತು, ಹೊರಗಿನವರು ಬಂದಾರು ಎಂಬ ಅಂಜಿಕೆ ನನಗೂ ತಿಳಿದದ್ದೇ. ಗಾಜಿಗೆ ಜಾಲರಿ ಹಾಕಿಸಬಹುದು. ಹೊರಗಿನವರಾದರೂ ಯಾರು? ಬೇಲಿಯಾಚೆಯ ಮನೆಯ ಮಕ್ಕಳೇ ತಾನೆ! ಭಾನುವಾರ ಸಂಜೆ ಆ ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನು ಧರ್ಮಕೇಂದ್ರದ ಮುಂದಿನ ಸಭೆಯಲ್ಲಿ ದಯವಿಟ್ಟು ನೀವೇ ಪ್ರಸ್ತಾಪಿಸಿ.