ಓಟಿಪಿ ಯಾರ ಫೋನಿಗೆ ಬರುತ್ತದೆ

ನಮ್ಮ ಕಡೆ ಮನೆ ಪಾಲಾಗುವುದಕ್ಕೆ ಒಂದು ಕ್ರಮವಿತ್ತು. ಊರಿನ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಪಂಚಾಯ್ತಿಗೆ ಕೂರುತ್ತಿದ್ದರು. ತೋಟಕ್ಕೆ ಹಗ್ಗ ಹಿಡಿದು ಅಳೆದದ್ದಾಗುತ್ತಿತ್ತು, ಗದ್ದೆಯ ಪಹಣಿ ತೆಗೆಸಿದ್ದಾಗುತ್ತಿತ್ತು. ಸೊಪ್ಪಿನ ಬೆಟ್ಟ, ಅಡಿಕೆ ಒಣಗಿಸುವ ಅಂಗಳ, ಬಾವಿಯ ನೀರು, ಕೊಟ್ಟಿಗೆಯ ಗೊಬ್ಬರ, ಬಚ್ಚಲಿನ ತಾಮ್ರದ ಹಂಡೆ, ದೇವರ ಪೂಜೆಯ ಸರದಿ ಎಲ್ಲವೂ ಪಾಲುಪಟ್ಟಿಗೆ ಬರುತ್ತಿತ್ತು. ಜಗಳ ಆಗುತ್ತಿರಲಿಲ್ಲ ಎಂದಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮೂರಲ್ಲೂ ಇವೆ. ಆದರೆ ಏನನ್ನು ಹಂಚುತ್ತಿದ್ದೇವೆ ಎಂಬುದು ಕೂತವರಿಗೆಲ್ಲ ಕಣ್ಣಿಗೆ ಕಾಣುತ್ತಿತ್ತು.

ಈಚೆಗೆ ನನ್ನ ಸೋದರತ್ತೆಯ ಮನೆಯಲ್ಲಿ ಪಾಲಿನ ಮಾತಿಗೆಂದು ಕರೆದಾಗ ಹಂಚಬೇಕಾಗಿದ್ದದ್ದು ಕಣ್ಣಿಗೆ ಕಾಣುವ ವಸ್ತುವೇ ಆಗಿರಲಿಲ್ಲ. ತೋಟದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ತಕರಾರು ಇದ್ದದ್ದು ಒಂದು ಇನ್‌ಸ್ಟಾಗ್ರಾಂ ಪುಟ, ಒಂದು ವಾಟ್ಸಾಪ್ ನಂಬರು, ಬಾಟಲಿಯ ಮೇಲೆ ಅಂಟಿಸುವ ಒಂದು ಹೆಸರು, ಇಷ್ಟರ ಮೇಲೆ.

ಶಿರಸಿ, ಸಿದ್ದಾಪುರ, ಸಾಗರದ ಸುತ್ತಿನವರಿಗೆ ಇದರ ಹಿನ್ನೆಲೆ ಹೇಳಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಂಪನಿ ಕೆಲಸದ ಹುಡುಗರೆಲ್ಲ ಊರಿಗೆ ಬಂದರು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ತಾಡಪತ್ರಿಯ ಚಪ್ಪರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಬಿಡುವಾದಾಗ ಮನೆಯಲ್ಲಿ ಆಗುತ್ತಿದ್ದುದನ್ನು ಹೊಸ ಕಣ್ಣಿನಿಂದ ನೋಡಿದರು. ತಾಯಂದಿರು ವರ್ಷವರ್ಷವೂ ಮಾಡಿ ನೆಂಟರಿಷ್ಟರಿಗೆ ಹಂಚುತ್ತಿದ್ದ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು, ಸುಕೇಳಿ, ಜೋನಿಬೆಲ್ಲ ಇವಕ್ಕೆಲ್ಲ ಗಿರಾಕಿ ಇದ್ದಾರೆಂದು ತಿಳಿಯಿತು. ಅತ್ತೆಯ ಕಿರಿಯ ಮಗನೂ ಹಾಗೆಯೇ ಒಂದು ಪುಟ ತೆರೆದ. ಅತ್ತೆ ಜಾಡಿಗೆ ಬಟ್ಟೆ ಕಟ್ಟುತ್ತಿರುವ ಒಂದು ಫೋಟೋ ಹಾಕಿದ. ಆರ್ಡರ್ ಬರತೊಡಗಿದವು.

ಅಲ್ಲಿ ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನ್ಯಾಯವೆಲ್ಲ ಅದರಲ್ಲೇ ಇದೆ. ಅಪ್ಪೆಮಿಡಿ ಎಂದರೆ ಯಾವುದೋ ಮಾವಿನ ಎಳೆಗಾಯಿ ಅಲ್ಲ. ಅಘನಾಶಿನಿ, ಶರಾವತಿ, ವರದೆಯ ದಂಡೆಗಳಲ್ಲಿ, ಕಾನಿನ ಅಂಚಿನಲ್ಲಿ ಬೆಳೆದ ಕೆಲವೇ ಮರಗಳ ಮಿಡಿಗೆ ಆ ಸೊನೆಯ ಪರಿಮಳ ಇರುತ್ತದೆ. ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ಎಂದು ಹೆಸರು ಹಿಡಿದೇ ಕೇಳುವವರಿದ್ದಾರೆ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಜಾಡಿಯಲ್ಲಿ ಕೊಳೆಯುತ್ತದೆ, ಆದ್ದರಿಂದ ಮರ ಹತ್ತಿ ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟನ್ನು ತುಸು ಉಳಿಸಿಕೊಂಡು ಕತ್ತರಿಸಬೇಕು, ಇಲ್ಲವಾದರೆ ಸೊನೆ ಸೋರಿ ಹೋಗುತ್ತದೆ. ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕಿ, ಚಿರುಟಿ ಸುಕ್ಕಾಗುವ ತನಕ ಕಾಯಬೇಕು. ಆಮೇಲೆ ಬಿಟ್ಟುಕೊಂಡ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ ಮತ್ತು ಮೆಣಸು ಕೂಡಿಸಬೇಕು. ಇದರಲ್ಲಿ ಎಲ್ಲಿ ಕೈ ತಪ್ಪಿದರೂ ಜಾಡಿಗೆ ಜಾಡಿಯೇ ಹಾಳು. ಅತ್ತೆಯ ಕೈಯಲ್ಲಿ ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮರ ಯಾವುದು, ಕೊಯ್ಯುವ ಹೊತ್ತು ಯಾವುದು ಎಂದು ಹೇಳುತ್ತಿದ್ದವರು ಅವರೇ.

ಹಿರಿಯ ಸೊಸೆ ಅತ್ತೆಯ ಜೊತೆಗೆ ಉಪ್ಪು ಬೆರೆಸಿದಳು, ಬಾಟಲಿ ತೊಳೆದು ಬಿಸಿಲಿಗಿಟ್ಟಳು, ಎಣ್ಣೆ ಜಿನುಗದಂತೆ ಕಟ್ಟಿ ಪಾರ್ಸೆಲ್ ಮಾಡಿದಳು. ಹಿರಿಯ ಮಗ ಮಿಡಿ ತಂದ, ಪಾರ್ಸೆಲ್ಲುಗಳನ್ನು ಶಿರಸಿಗೆ ಹೊತ್ತ. ಹುಬ್ಬಳ್ಳಿಗೆ ಮದುವೆಯಾಗಿ ಹೋದ ಮಗಳು ಪ್ರತಿ ಫೋಟೋದ ಕೆಳಗಿನ ಕನ್ನಡದ ಸಾಲುಗಳನ್ನು ಬರೆದಳು. ಆ ಸಾಲುಗಳನ್ನು ಓದಿಯೇ ತರಿಸಿಕೊಂಡೆವು ಎಂದ ಗಿರಾಕಿಗಳಿದ್ದರು. ಕಿರಿಯ ಮಗ ಪುಟ ನೋಡಿಕೊಂಡ, ದುಡ್ಡಿನ ಲೆಕ್ಕ ಇಟ್ಟ, ಗಿರಾಕಿಯ ದೂರಿಗೆ ರಾತ್ರಿ ಹನ್ನೊಂದಕ್ಕೂ ಉತ್ತರ ಕೊಟ್ಟ. ಅವನ ಶ್ರಮವೂ ಸಣ್ಣದಲ್ಲ. ಅವನಿಲ್ಲದಿದ್ದರೆ ಆ ಜಾಡಿಗಳು ಅಟ್ಟ ಬಿಟ್ಟು ಇಳಿಯುತ್ತಿರಲಿಲ್ಲ.

ಕಾಗದದಲ್ಲಿ ಏನಿತ್ತು ನೋಡಿ. ವಾಟ್ಸಾಪ್ ಖಾತೆ ನಂಬರಿನ ಹಿಂದೆ ಹೋಗುತ್ತದೆ, ನಂಬರು ಸಿಮ್ ಕೊಂಡವರ ಗುರುತಿನ ಚೀಟಿಯ ಹಿಂದೆ. ಸಿಮ್ ಕಿರಿಯವನದು. ಕ್ಯೂಆರ್ ಕೋಡ್ ಅವನ ಬ್ಯಾಂಕ್ ಖಾತೆಗೆ. ಜಿಎಸ್‌ಟಿ ನಂಬರಿನ ಹದಿನೈದು ಅಕ್ಷರಗಳ ನಡುವೆ ಮಾಲೀಕರ ಪಾನ್ ನಂಬರಿನ ಹತ್ತೂ ಅಕ್ಷರಗಳು ಹಾಗೆಯೇ ಕೂತಿರುತ್ತವೆ; ಆ ಪಾನ್ ಅವನದು. ಬಾಟಲಿಯ ಮೇಲಿನ ಹದಿನಾಲ್ಕು ಅಂಕಿಯ ಆಹಾರ ಸುರಕ್ಷತೆಯ ನಂಬರೂ ಅವನ ಹೆಸರಿನ ಅರ್ಜಿಯಿಂದ ಬಂದದ್ದು. ಯಾರೂ ಮೋಸ ಮಾಡಬೇಕೆಂದು ಹೀಗೆ ಮಾಡಿರಲಿಲ್ಲ. ಅರ್ಜಿ ತುಂಬಲು ಬರುತ್ತಿದ್ದದ್ದು ಅವನೊಬ್ಬನಿಗೆ, ಹಾಗಾಗಿ ತನ್ನ ಹೆಸರು ತುಂಬಿದ. ಅತ್ತೆಯ ಪಾಲಿಗೆ ಉಳಿದದ್ದು ಬಾಟಲಿಯ ಮೇಲಿನ ಅವರ ಮುಖ.

ಅವನು ಬೆಂಗಳೂರಿಗೆ ಮರಳಿದ ಮೇಲೆ ಮೊದಲ ಬಿರುಕು ಬಂತು. ತಿಂಗಳಿಗಿಷ್ಟು ಎಂದು ಮನೆಗೆ ಕಳಿಸುತ್ತಿದ್ದ, ಲೆಕ್ಕ ಯಾರೂ ಕೇಳಿರಲಿಲ್ಲ. ಒಮ್ಮೆ ಹಿರಿಯ ಸೊಸೆ ಕೇಳಿದಳು. ಕೇಳಿದ್ದೇ ಅಪಮಾನ ಎಂದು ಅವನಿಗೆ ಅನಿಸಿತು. ಇಷ್ಟು ದಿನ ಕೇಳದಿದ್ದದ್ದೇ ತಪ್ಪಾಯಿತು ಎಂದು ಅವಳಿಗೆ ಅನಿಸಿತು. ಅವಳು ಅದೇ ಹೆಸರಿಗೆ ಒಂದು ಅಕ್ಷರ ಸೇರಿಸಿ ಬೇರೆ ಪುಟ ತೆರೆದಳು. ಅವನು ಹಳೆಯ ಪುಟದ ಪಾಸ್‌ವರ್ಡ್ ಬದಲಿಸಿದ. ಮಗಳು ಬರೆಯುವುದನ್ನು ನಿಲ್ಲಿಸಿದಳು. ಮೂರು ಮಕ್ಕಳ ಜಗಳದ ನಡುವೆ ಅತ್ತೆ ಒಂದೇ ಮಾತು ಕೇಳಿದ್ದು: "ಯನ್ನ ಕೈ ಉಪ್ಪಿನಕಾಯಿಗೆ ಅವನ ನಂಬರು ಹ್ಯಾಂಗೆ ಯಜಮಾನ ಆತು?"

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆಯೇ ಎಂದು ನಾನು ತಿಳಿದವರನ್ನು ಕೇಳಿದೆ, ಸ್ವಲ್ಪ ಓದಿಯೂ ನೋಡಿದೆ. ನಮ್ಮಂಥವರ ಮನಸ್ಸಿನಲ್ಲಿ ಒಂದು ಭದ್ರವಾದ ನಂಬಿಕೆ ಇದೆ: ಕೂಡುಮನೆಯಲ್ಲಿ ನಡೆದದ್ದೆಲ್ಲ ಮನೆಯದ್ದು. ಕಾನೂನು ಹಾಗೆ ಹೇಳುವುದಿಲ್ಲ. 1968ರಲ್ಲಿ, ಮೈಸೂರು ರಾಜ್ಯದಿಂದ ಹೋದ ಒಂದು ಕುಟುಂಬದ ಅಂಗಡಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಕೂಡುಕುಟುಂಬದ ಒಬ್ಬ ಸದಸ್ಯ ವ್ಯಾಪಾರ ನಡೆಸುತ್ತಿದ್ದಾನೆ ಎಂದಮಾತ್ರಕ್ಕೆ ಅದು ಕುಟುಂಬದ ವ್ಯಾಪಾರವೆಂದು ಊಹಿಸಿಕೊಳ್ಳಲಾಗದು. ಕುಟುಂಬದ್ದು ಎನ್ನುವವರು ಅದನ್ನು ಸಾಬೀತು ಮಾಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ತೋಟದಲ್ಲಿ ಹುಬ್ಬಳ್ಳಿಯ ಮಗಳಿಗೆ ಹಕ್ಕಿದೆ. ತಾನು ಬರೆದು ಬೆಳೆಸಿದ ಪುಟದಲ್ಲಿ ಇದೆಯೇ ಎಂದರೆ ಆ ಕಾನೂನು ಸುಮ್ಮನಾಗುತ್ತದೆ.

ಉತ್ತರಕ್ಕೆ ಹತ್ತಿರ ಬರುವುದು 1932ರ ಪಾಲುದಾರಿಕೆ ಕಾಯ್ದೆ. ಒಂದು ವ್ಯಾಪಾರದ ಲಾಭ ಹಂಚಿಕೊಳ್ಳಲು ಒಪ್ಪಿದವರು ಪಾಲುದಾರರು. ಆ ಒಪ್ಪಂದ ಬರವಣಿಗೆಯಲ್ಲೇ ಇರಬೇಕೆಂದಿಲ್ಲ. ಬೇರೆ ಮಾತಾಗಿಲ್ಲದಿದ್ದರೆ ಲಾಭ ಸಮಪಾಲು ಎಂದೂ ಅದು ಹೇಳುತ್ತದೆ. ಆದರೆ ಅದೇ ಕಾಯ್ದೆ ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದ, ಒಂದೇ ಮನೆಯವರು ಎಂಬ ಸ್ಥಾನದಿಂದಲ್ಲ ಎಂದು ಬರೆದಿಟ್ಟಿದೆ. ಅಂದರೆ ಹಿರಿಯ ಸೊಸೆ ಕೋರ್ಟಿನಲ್ಲಿ ನಿಂತು, ನಾನು ಲಾಭಕ್ಕೆ ಪಾಲುದಾರಳಾಗಿ ಬಾಟಲಿ ತೊಳೆದೆ, ಮನೆಯ ಸೊಸೆಯಾಗಿ ಅಲ್ಲ ಎಂದು ತೋರಿಸಬೇಕು. ಯಾವ ಸೊಸೆಯ ಬಳಿ ಅದಕ್ಕೆ ದಾಖಲೆ ಇರುತ್ತದೆ? ಈ ಮಾತು ನನ್ನನ್ನು ಬಹಳ ಕಾಡಿದೆ. ಮನೆಯ ಹೆಂಗಸರ ದುಡಿಮೆಯನ್ನು ಪ್ರೀತಿ ಎಂದು ಕರೆದು ಲೆಕ್ಕದಿಂದ ಹೊರಗಿಡುವುದು ಹಳೆಯ ಅಭ್ಯಾಸ. ಅಂಚೆಯಲ್ಲಿ ಹೋಗುವ ಬಾಟಲಿಗೂ ಅದು ಬೆನ್ನು ಬಿಟ್ಟಿಲ್ಲ.

ಇನ್ನು ಪುಟದ ಮಾತು. ನಾವು ನಮ್ಮದು ಎಂದು ಹೊಡೆದಾಡುವ ಪುಟ ನಮ್ಮದೇ ಅಲ್ಲ. ಇನ್‌ಸ್ಟಾಗ್ರಾಂ ತನ್ನ ಷರತ್ತುಗಳಲ್ಲಿ ಖಾತೆಯನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಅವಕಾಶ ಕೊಡುವುದಿಲ್ಲ. ನಮಗಿರುವುದು ಬಳಸುವ ಅನುಮತಿ ಮಾತ್ರ. ಗೇಣಿ ಜಮೀನಿನಲ್ಲಿ ತೆಂಗು ನೆಟ್ಟ ಹಾಗೆ. ಯೂಟ್ಯೂಬ್ ಚಾನೆಲ್ಲನ್ನು ಬ್ರ್ಯಾಂಡ್ ಖಾತೆಯಲ್ಲಿಟ್ಟರೆ ಹಲವರು ಮಾಲೀಕರಾಗಬಹುದು, ಅಲ್ಲಿಯೂ ಮುಖ್ಯ ಮಾಲೀಕ ಒಬ್ಬರೇ. ಪಾಕದ ವಿಷಯವಂತೂ ಇನ್ನೂ ಸೂಕ್ಷ್ಮ. ವ್ಯಾಪಾರದ ಗುಟ್ಟನ್ನು ಕಾಯಲು ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. ಕೈಗೆ ಸಿಕ್ಕಿ ನಿಲ್ಲುವುದು ಹೆಸರು ಒಂದೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಹೆಸರನ್ನು ನೋಂದಾಯಿಸಬಹುದು, ಒಬ್ಬರಿಗಿಂತ ಹೆಚ್ಚು ಜನ ಜಂಟಿಯಾಗಿಯೂ ಪಡೆಯಬಹುದು, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ವೆಬ್‌ಸೈಟಿನ ವಿಳಾಸಕ್ಕೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ.

ಹೆಸರಿನ ಜಗಳ ಎಷ್ಟು ತಲೆಮಾರು ಎಳೆಯಬಹುದು ಎಂಬುದಕ್ಕೆ ಹಲ್ದಿರಾಮ್ ಕುಟುಂಬದ ಮೊಕದ್ದಮೆ ಸಾಕ್ಷಿ. ಬೀಕಾನೇರಿನಿಂದ ಹೊರಟ ಭುಜಿಯಾದ ಮನೆ ಅದು. 1974ರಲ್ಲಿ ಪಾಲುದಾರಿಕೆ ಬಿಚ್ಚಿದಾಗ ಪಶ್ಚಿಮ ಬಂಗಾಳ ಒಂದು ಕವಲಿಗೆ, ಉಳಿದ ದೇಶ ಇನ್ನೊಂದು ಕವಲಿಗೆ ಎಂದು ಹೆಸರಿನ ಬಳಕೆಯನ್ನೇ ಹಂಚಿಕೊಂಡಿದ್ದರು. ಬರೆದು ಹಂಚಿಕೊಂಡೂ ದೆಹಲಿಯ ಅಂಗಡಿಯ ವಿಷಯಕ್ಕೆ ತೊಂಬತ್ತರ ದಶಕದಲ್ಲಿ ಕೋರ್ಟಿಗೆ ಹೋದರು, ಅದರ ಒಂದು ಎಳೆ 2000ದಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಬರೆದವರ ಕಥೆ ಇದು. ಒಂದು ಸಾಲೂ ಬರೆಯದ ಮನೆಗಳ ಗತಿ ಏನೆಂದು ನನಗೆ ದಿಗಿಲಾಗುತ್ತದೆ. ಊರು ಊರನ್ನೂ ಹಂಚಿಕೊಳ್ಳಲು ಆ ಕಾಲದಲ್ಲಿ ಆಗುತ್ತಿತ್ತು. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವವರು ಶಿರಸಿ ನಿನಗೆ, ಬೆಂಗಳೂರು ನನಗೆ ಎಂದು ಗಡಿ ಹಾಕಿಕೊಳ್ಳುವುದು ಹೇಗೆ?

ಅತ್ತೆಯ ಮನೆಯ ಮಾತುಕತೆ ಅರ್ಧಂಬರ್ಧ ಮುಗಿಯಿತು. ಹಳೆಯ ಪುಟ ಕಿರಿಯವನಿಗೆ ಉಳಿಯಿತು. ಹಿರಿಯ ಸೊಸೆ ಹೊಸ ಹೆಸರು ಇಟ್ಟುಕೊಂಡಳು. ಹಿಂದಿನ ವರ್ಷಗಳ ಲಾಭದ ಒಂದು ಮೊತ್ತವನ್ನು ಅಂದಾಜಿಗೆ ಒಪ್ಪಿಕೊಂಡು, ಅದನ್ನು ಅತ್ತೆಯ ಹೆಸರಿಗೆ ಠೇವಣಿ ಇಟ್ಟರು. ಮಗಳಿಗೂ ಒಂದು ಪಾಲು ಕೊಡಬೇಕೆಂದು ನಾನು ಹಟ ಹಿಡಿದೆ. ಹಿರಿಯ ಮಗ ಒಪ್ಪಿದ, ಕಿರಿಯವನು ಒಪ್ಪಲಿಲ್ಲ, ಅವಳು ತನಗೆ ಬೇಡ ಎಂದು ಬಿಟ್ಟಳು. ಬೇಡ ಎಂದವಳ ದನಿ ಕೇಳಿದವರಿಗೆ ಅದು ಸಮ್ಮತಿ ಎನ್ನಿಸಲು ಸಾಧ್ಯವಿರಲಿಲ್ಲ. ಅತ್ತೆ ತಮ್ಮ ಫೋಟೋವನ್ನು ಎರಡೂ ಕಡೆಯ ಬಾಟಲಿಯಿಂದ ತೆಗೆಸಿದರು. ಈಗ ಮನೆ ಖರ್ಚಿಗೆ ಬೇಕಾದಷ್ಟು ಮಾತ್ರ ಮಿಡಿ ಹಾಕುತ್ತಾರೆ.

ಶಿವರಾತ್ರಿಯ ಆಸುಪಾಸಿಗೆ ಮಿಡಿ ಬರುತ್ತದೆ, ಜೊತೆಗೆ ಹೊಸ ಪುಟಗಳೂ ಹುಟ್ಟುತ್ತವೆ. ಮನೆಯಿಂದ ಮಾರಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಮೊದಲ ಬಾಟಲಿ ಪ್ಯಾಕ್ ಮಾಡುವ ಮುಂಚೆ ಎಲ್ಲರೂ ಒಂದು ಸಂಜೆ ಒಟ್ಟಿಗೆ ಕೂರಿ. ಸಿಮ್ ಯಾರದು, ದುಡ್ಡು ಯಾವ ಖಾತೆಗೆ, ಪಾಸ್‌ವರ್ಡ್ ಯಾರ್ಯಾರ ಬಳಿ, ಹೆಸರು ಯಾರದು, ಒಬ್ಬರು ಬಿಟ್ಟು ಹೋದರೆ ಏನು ಎಂಬುದನ್ನು ಕನ್ನಡದಲ್ಲೇ ಬರೆಯಿರಿ. ಪಾಲುದಾರಿಕೆ ಪತ್ರ ಮಾಡಿ ನೋಂದಾಯಿಸಿ. ನೋಂದಾಯಿಸದ ಪಾಲುದಾರರು ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲು ಹೋದರೆ ಅದೇ 1932ರ ಕಾಯ್ದೆ ಅಡ್ಡ ಬರುತ್ತದೆ. ಆ ಪತ್ರದಲ್ಲಿ ಅಮ್ಮನ ಹೆಸರನ್ನು, ಉಪ್ಪು ಬೆರೆಸಿದ ಸೊಸೆಯ ಹೆಸರನ್ನು, ದೂರದಲ್ಲಿದ್ದು ಬರೆದುಕೊಟ್ಟ ಮಗಳ ಹೆಸರನ್ನು ಪಾಲುದಾರರೆಂದೇ ಬರೆಯಿರಿ, ಅವರವರ ಪಾಲು ಎಷ್ಟೆಂದು ಅಂಕಿಯಲ್ಲಿ ನಮೂದಿಸಿ.