ಕ್ಯಾಬಿನ್ನಿನೊಳಗಿನ ಮಳೆ

ದೆಹಲಿಯಲ್ಲಿ ಕನ್ನಡ ಅಕ್ಷರ ಕಾಣಬೇಕೆನಿಸಿದಾಗ ನಾನು ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರಕ್ಕೆ ಹೋಗುತ್ತೇನೆ. ಜಿ.ಟಿ. ಕರ್ನಾಲ್ ರಸ್ತೆಯ ಮಗ್ಗುಲು, ಮುಕರ್ಬಾ ಚೌಕದ ಹತ್ತಿರ, ಆಜಾದ್‌ಪುರ ಮಂಡಿಯಿಂದ ಸ್ವಲ್ಪವೇ ದೂರ. ಪಂಜಾಬ್, ಹರಿಯಾಣ, ರಾಜಸ್ಥಾನದ ಲಾರಿಗಳ ಸಾಲಿನ ನಡುವೆ ಎಲ್ಲೋ ಒಂದು ಕಡೆ ‘ಶ್ರೀ ಮಂಜುನಾಥಸ್ವಾಮಿ ಪ್ರಸನ್ನ’ ಎಂಬ ಹಲಗೆ ಕಣ್ಣಿಗೆ ಬೀಳುತ್ತದೆ. ಕೆಎ 07, ಕೆಎ 40, ಕೆಎ 44 ಎಂದು ನಂಬರು ಓದುತ್ತ ಕೋಲಾರ, ಚಿಕ್ಕಬಳ್ಳಾಪುರ, ತಿಪಟೂರು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನಗೊಂದು ಸುಖ. ಟೊಮೆಟೊ ತಂದವರು, ಕೊಬ್ಬರಿ ತಂದವರು, ಮದ್ದೂರಿನ ಎಳನೀರು ತಂದವರು. ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಝಾನ್ಸಿ, ಗ್ವಾಲಿಯರ್, ಆಗ್ರಾ ದಾಟಿ, ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಬಂದವರು.

ಇಲ್ಲಿಗೆ ಬಂದ ಮೇಲೂ ಅವರಿಗೆ ಲಾರಿಯಿಂದ ಬಿಡುಗಡೆಯಿಲ್ಲ. ಹಗಲಿನ ಬಹುಪಾಲು ಹೊತ್ತು ದೆಹಲಿಯ ರಸ್ತೆಗಳಲ್ಲಿ ದೊಡ್ಡ ಲಾರಿಗಳಿಗೆ ‘ನೋ ಎಂಟ್ರಿ’. ಸಿಂಘು, ಟಿಕ್ರಿ, ಬದರ್‌ಪುರದ ಗಡಿಗಳಲ್ಲಿ ರಾತ್ರಿಯಾಗುವುದನ್ನೇ ಕಾಯಬೇಕು. ಸರಕು ಇಳಿಸಿದ ಮೇಲೆ ವಾಪಸು ಲೋಡಿಗೆ ಕಾಯಬೇಕು. ಅಷ್ಟು ದಿನವೂ ಮನೆಯೆಂದರೆ ಕ್ಯಾಬಿನ್ನೇ. ಸೀಟಿನ ಹಿಂದಿನ ಹಲಗೆಯ ಮೇಲೆ ಹಾಸಿಗೆ, ಮುಂಗಾಜಿನ ಬಳಿ ದೇವರ ಪಟ, ಮೂಲೆಯಲ್ಲಿ ಅಕ್ಕಿ ಬೇಳೆಯ ಡಬ್ಬಿ, ಪ್ಲಾಸ್ಟಿಕ್ ಚೀಲದಲ್ಲಿ ಆರ್‌ಸಿ, ಪರ್ಮಿಟ್, ಎಫ್‌ಸಿ, ಸರಕಿನ ಬಿಲ್ಟಿ. ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಹುಡುಗ ಬದುಕಲು ಬೇಕಾದುದೆಲ್ಲ ಆ ತಗಡಿನ ಕೋಣೆಯಲ್ಲಿರುತ್ತದೆ. ಅದು ಸೋರತೊಡಗಿದರೆ ಎದ್ದು ಹೋಗಲು ಬೇರೆ ಕೋಣೆಯಿಲ್ಲ.

ಈ ಊರಿನ ಹವೆ ಕ್ಯಾಬಿನ್ನಿನ ಜೋಡಣೆಗಳನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸುತ್ತದೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲು, ಜನವರಿಯಲ್ಲಿ ಹಲ್ಲು ಕಡಿಸುವ ಚಳಿ. ಬಿಸಿಲಿಗೆ ಮೆತ್ತನೆಯ ಗುಣ ಕಳೆದುಕೊಂಡ ರಬ್ಬರು ಚಳಿಯಲ್ಲಿ ಸೆಟೆದು ಸೀಳುತ್ತದೆ. ಬೇಸಿಗೆಯ ಆಂಧಿ ತಂದ ದೂಳು ಸಂದುಗೊಂದುಗಳಲ್ಲಿ ಕೂತು, ಮೊದಲ ಮಳೆಗೆ ಕೆಸರಾಗಿ, ನೀರು ಹರಿದು ಹೋಗಬೇಕಾದ ತೂತುಗಳನ್ನೇ ಮುಚ್ಚುತ್ತದೆ. ಇದರ ಮೇಲೆ ರಸ್ತೆಯ ಕುಲುಕಾಟ. ನಮ್ಮ ದೇಶದಲ್ಲಿ ಬಹುಕಾಲ ಕಂಪನಿಗಳು ಎಂಜಿನ್, ಚಾಸಿ ಮತ್ತು ಮುಂಭಾಗವನ್ನಷ್ಟೇ ಕೊಡುತ್ತಿದ್ದವು. ಉಳಿದ ಕ್ಯಾಬಿನ್ನನ್ನು ಪಂಜಾಬಿನ ಸರ್‌ಹಿಂದ್, ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳ ಬಡಗಿಗಳೂ ತಗಡು ಕೆಲಸದವರೂ ಕಟ್ಟುತ್ತಿದ್ದರು. ಅಂಥ ಲಾರಿಗಳು ಈಗಲೂ ಓಡುತ್ತಿವೆ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ತಗಡು ತನ್ನ ಲೆಕ್ಕದಲ್ಲಿ ಹಿಗ್ಗುತ್ತದೆ. ಎರಡೂ ಕೂಡುವ ಕಡೆ ಕೂದಲೆಳೆಯ ಸಂದು ಬಿಡುತ್ತದೆ. ನೀರಿಗೆ ಅಷ್ಟು ಸಾಕು.

ದೆಹಲಿಗೆ ಮುಂಗಾರು ಮುಟ್ಟುವುದು ವಾಡಿಕೆಯಂತೆ ಜೂನ್ 27ಕ್ಕೆ. 2024ರಲ್ಲಿ ಆ ದಿನದ ಮರುದಿನವೇ ಇಲ್ಲಿನ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 24 ತಾಸಿನ ಮಳೆ 228.1 ಮಿಲಿಮೀಟರ್ ಎಂದು ದಾಖಲಾಯಿತು. 1936ರ ಬಳಿಕ ಜೂನ್ ತಿಂಗಳ ಒಂದೇ ದಿನ ಅಷ್ಟು ಸುರಿದದ್ದಿಲ್ಲ. ಅಂಥ ಮಳೆಗೆ ಸಿಕ್ಕ ಲಾರಿಗೆ ಯಾವ ಸಂದನ್ನೂ ಬಚ್ಚಿಡಲು ಬರುವುದಿಲ್ಲ.

ಒಂದು ಆಗಸ್ಟಿನಲ್ಲಿ ನಾನು ಅಲ್ಲಿಗೆ ಹೋದಾಗ ಚಿಂತಾಮಣಿ ಕಡೆಯ ಲಾರಿಯೊಂದರ ಚಾಪೆ, ಹಾಸಿಗೆ, ಕಾರ್ಪೆಟ್ಟು ಎಲ್ಲ ಬೇಲಿಯ ಮೇಲಿದ್ದವು. “ಏನಣ್ಣಾ, ಒಳಗೂ ಮಳೆಯಾ?” ಎಂದೆ. ಡ್ರೈವರ್ ನನ್ನ ಕನ್ನಡ ಕೇಳಿ ಮುಖ ಅರಳಿಸಿ, “ಮುಂದಿನ ಗಾಜಿನ ಬೀಡಿಂಗ್ ಹೋಗೈತೆ ಸಾರ್. ದಾರೀಲಿ ಒಬ್ಬ ಸಿಲಿಕಾನ್ ಹೊಡೆದುಕೊಟ್ಟ, ನಿಲ್ಲಲಿಲ್ಲ. ಹುಡುಗ ಎರಡು ರಾತ್ರಿಯಿಂದ ಕೂತೇ ನಿದ್ದೆ ಮಾಡವ್ನೆ” ಎಂದರು. ಕ್ಲೀನರ್ ಬದಿಯ ನೆಲದಲ್ಲಿ ನೀರು ನಿಂತಿತ್ತು. ಗಾಜಿನ ಅಂಚಿಗೆ ಬಿಳಿಯ ಸಿಲಿಕಾನ್ ದಪ್ಪಕ್ಕೆ ಮೆತ್ತಿತ್ತು.

ಸೋರಿಕೆ ನೋಡಲು ಕರೆಸಿದ ಮೆಕ್ಯಾನಿಕ್ ಉಸ್ತಾದರು ಬುಲಂದ್‌ಶಹರ್ ಕಡೆಯವರು, ನರೆತ ಗಡ್ಡದವರು. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಕೇಳತೊಡಗಿದರು. ನಿಂತಾಗ ಸೋರುತ್ತದೋ, ಓಡುವಾಗಲೋ? ಓಡುವ ಲಾರಿಗೆ ಗಾಳಿ ನೀರನ್ನು ಎದುರಿನಿಂದ ಒತ್ತಿ ಮೇಲಕ್ಕೂ ನುಗ್ಗಿಸುತ್ತದೆ. ನಿಂತ ಲಾರಿಯಲ್ಲಿ ನೀರು ಇಳಿಯುವುದಷ್ಟೇ. ಮಳೆಯಿಲ್ಲದ ದಿನವೂ ಒದ್ದೆಯಾಗಿತ್ತೇ? ಆಗಿದ್ದರೆ ನೀರು ಒಳಗಿನದೇ ಇರಬೇಕು. ನೀರು ಅಂಟುತ್ತದೆಯೇ, ಸಿಹಿ ವಾಸನೆ ಇದೆಯೇ? ಇದ್ದರೆ ಅದು ಕೂಲಂಟ್, ಹೀಟರಿನ ಕಡೆ ನೋಡಬೇಕು. ಉತ್ತರಗಳನ್ನೆಲ್ಲ ಕೇಳಿ, “ಇದು ಮಳೆಯ ನೀರು, ಮೇಲಿನಿಂದ ಬಂದದ್ದು. ಆದರೆ ಕಂಡಲ್ಲೇ ಹುಟ್ಟಿದ್ದಲ್ಲ” ಎಂದರು.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಈ ಮಾತು ಕೂಡಲೇ ಹಿಡಿಯುತ್ತದೆ. ಹಂಚು ಒಡೆದದ್ದು ಒಂದು ಕಡೆ. ನೀರು ರೀಪಿಗೆ ಅಂಟಿ, ಪಕಾಸಿನ ಹೊಟ್ಟೆ ಹಿಡಿದು ಜಾರಿ, ತೊಟ್ಟಿಕ್ಕುವುದು ಇನ್ನೆಲ್ಲೋ. ಲಾರಿಯಲ್ಲಿ ಪಕಾಸಿನ ಕೆಲಸವನ್ನು ಗಾಜಿನ ಪಕ್ಕದ ಟೊಳ್ಳು ಕಂಬಗಳು ಮಾಡುತ್ತವೆ. ಮಿಲಿಮೀಟರಿಗಿಂತ ಸಣ್ಣ ಬಿರುಕು ನೀರನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ತಗಡಿನ ಅಡಿಗೆ ಹನಿ ಅಂಟಿಕೊಂಡೇ ಬಹುದೂರ ಸಾಗುತ್ತದೆ.

ಆಮೇಲಿನ ಕೆಲಸ ನೋಡುವುದೇ ಒಂದು ಪಾಠವಾಗಿತ್ತು. ಮೊದಲು ನೆಲವನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿದರು. ಒಳಗಿನ ಅಲಂಕಾರದ ಹಲಗೆಗಳನ್ನು ಬಿಚ್ಚಿದರು. ಕಂಬದ ಬುಡಕ್ಕೆ, ಡ್ಯಾಶ್‌ಬೋರ್ಡಿನ ಅಡಿಗೆ, ವೈಪರ್ ಕಡ್ಡಿ ಹೊರಬರುವ ಜಾಗಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ನೀರು ಎಲ್ಲಿ ಹಾದರೂ ಗೆರೆ ಮೂಡಬೇಕು. ಹುಡುಗನನ್ನು ಮೊಬೈಲ್ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಬಾಗಿಲು ಹಾಕಿ, ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರು. ಜೋರು ಬಿಡಬಾರದು, ಮಳೆ ಹೋಗದ ಕಡೆಗೂ ನುಗ್ಗಿಬಿಡುತ್ತದೆ. ಶುರು ಮಾಡಿದ್ದು ಕೆಳಗಿನಿಂದ. ಮೇಲಿನಿಂದ ಸುರಿದರೆ ಎಲ್ಲ ಕಡೆ ಒಟ್ಟಿಗೇ ನೆನೆದು ಯಾವುದೂ ತಿಳಿಯುವುದಿಲ್ಲ. ಬಾಗಿಲಿನ ಬುಡ, ವೈಯರ್ ಕಟ್ಟು ತೂರಿ ಬರುವ ರಬ್ಬರ್ ಬಳೆ, ಗಾಜಿನ ಕೆಳಗಿನ ಅಂಚು, ಬದಿಯ ಅಂಚು. ಒಂದೊಂದು ಕಡೆಯೂ ನಿಂತು ಕಾದರು. ಒಳಗಿನಿಂದ “ಇಲ್ಲ, ಇಲ್ಲ” ಎಂದೇ ಬರುತ್ತಿತ್ತು. ಎಲ್ಲರೂ ದೂರಿದ್ದ ಮುಂಗಾಜು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ.

ನೀರು ಗಾಜಿನ ಮೇಲಿನ ಹಣೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಹುಡುಗ ಕೂಗಿದ. ಎಡಗಡೆಯ ಕಂಬದ ಬುಡದಲ್ಲಿ ಪೌಡರ್ ಸೀಳಿಕೊಂಡು ಗೆರೆ ಇಳಿದಿತ್ತು. ಉಸ್ತಾದರು ಮೇಲೆ ಹತ್ತಿ ದೇವರ ಹೆಸರಿನ ಹಲಗೆಯ ಬಳಿ ಬೆರಳಿಟ್ಟರು. ಹಲಗೆ ಕೂರಿಸಲು ತಗಡಿಗೆ ಸ್ಕ್ರೂ ಹಾಕಿದ್ದ ಕಡೆ ವಾಷರ್ ಇರಲಿಲ್ಲ. ಸುತ್ತ ತುಕ್ಕು ತಿಂದು ತೂತು ದೊಡ್ಡದಾಗಿತ್ತು. ಚಾವಣಿಯ ಪುಟ್ಟ ದೀಪಗಳು, ಕ್ಯಾರಿಯರ್, ಹಾರ್ನ್, ಬಾವುಟದ ಕಡ್ಡಿ, ಹೀಗೆ ಪ್ರೀತಿಯಿಂದ ಕೂರಿಸಿದ ಪ್ರತಿಯೊಂದಕ್ಕೂ ತಗಡಿನಲ್ಲಿ ತೂತು ಬೇಕು. ಆ ತೂತಿಗೆ ಕಾವಲೂ ಬೇಕು.

ಹಲಗೆ ಇಳಿಯಿತು. ವೈಯರ್ ಬ್ರಷ್ಷಿನಿಂದ ತುಕ್ಕನ್ನು ಹೊಳೆಯುವ ಲೋಹ ಕಾಣುವ ತನಕ ಉಜ್ಜಿದರು. ತುಕ್ಕಿನ ಮೇಲೆ ಏನು ಮೆತ್ತಿದರೂ ತುಕ್ಕಿನ ಜೊತೆಗೇ ಎದ್ದು ಬರುತ್ತದೆ. ರೆಡ್ ಆಕ್ಸೈಡ್ ಹಚ್ಚಿ ಒಣಗಿಸಿ, ಪಾಲಿಯುರೆಥೇನ್ ಸೀಲಂಟ್ ತುಂಬಿ, ರಬ್ಬರ್ ವಾಷರ್ ಇಟ್ಟು ಹಲಗೆಯನ್ನು ಮತ್ತೆ ಬಿಗಿದರು. ಗಾಜಿನ ಸುತ್ತ ಮೆತ್ತಿದ್ದ ಸಿಲಿಕಾನನ್ನು ಕೆರೆದು ತೆಗೆದರು. ವಿನೆಗರಿನ ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿಯ ಉಕ್ಕಿಗೆ ಅದು ಆಗದು. ಪಾಲಿಯುರೆಥೇನಿನ ಗುಣ ಬೇರೆ: ಹಚ್ಚುವಾಗ ತಗಡು ಒಣಗಿರಬೇಕು, ಆಮೇಲೆ ಅದು ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಯೇ. ಮಳೆಯನ್ನು ತಡೆಯುವ ಅಂಟನ್ನು ಆಗಸ್ಟಿನ ಒದ್ದೆ ಗಾಳಿಯೇ ಬಲಪಡಿಸುತ್ತದೆ ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಹೊರಡುವ ಮೊದಲು ಬಾಗಿಲುಗಳ ತಳವನ್ನೂ ತಂತಿಯಿಂದ ಕೆದಕಿದರು. ಬಾಗಿಲಿನ ಗಾಜಿನ ಪಕ್ಕದಿಂದ ನೀರು ಒಳಗಿಳಿಯುವುದು ಸಹಜವೇ. ತಳದ ತೂತುಗಳಿಂದ ಅದು ಹೊರಗೆ ಹೋಗಬೇಕು. ತೂತು ಕಟ್ಟಿದರೆ ನೀರು ಕ್ಯಾಬಿನ್ನಿಗೆ ಉಕ್ಕುತ್ತದೆ. ಕಾರ್ಪೆಟ್ಟಿನ ಅಡಿಯ ಫೆಲ್ಟನ್ನು ಚೆನ್ನಾಗಿ ಒಣಗಿಸದೆ ಹಾಸಬೇಡ ಎಂದು ಹುಡುಗನಿಗೆ ಎರಡೆರಡು ಸಲ ಹೇಳಿದರು. ಸೋರಿಕೆ ನಿಂತ ಮೇಲೂ ಒದ್ದೆ ಫೆಲ್ಟು ನೆಲದ ತಗಡನ್ನು ಒಳಗಿನಿಂದ ತಿನ್ನುತ್ತಲೇ ಇರುತ್ತದೆ.

ಹೊಸ ಲಾರಿಗಳ ಕಥೆ ಇನ್ನೂ ಸೂಕ್ಷ್ಮ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಸೆನ್ಸರ್‌ಗಳೂ ವೈಯರಿಂಗೂ ಹೆಚ್ಚು; ಫ್ಯೂಸ್ ಪೆಟ್ಟಿಗೆಗೆ ಇಳಿದ ಹನಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸಿ ನಡುದಾರಿಯಲ್ಲಿ ಗಾಡಿ ನಿಲ್ಲಿಸಬಲ್ಲದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಹಳ ತಡವಾಗಿ ಬಂದ ಒಳ್ಳೆಯ ಕಾನೂನು. ಎಸಿ ಗಾಳಿಯಿಂದ ಹಿಂಡಿದ ನೀರು ಒಂದು ಸಣ್ಣ ಪೈಪಿನಲ್ಲಿ ಹೊರಗೆ ಹೋಗುತ್ತದೆ. ದೂಳು ಕಟ್ಟಿದರೆ ಬಿಸಿಲಿನ ದಿನವೂ ನೆಲ ಒದ್ದೆ. ಆಗ ಸೀಲಂಟ್ ಹುಡುಕಬೇಕಿಲ್ಲ, ಆ ಪೈಪನ್ನು ಊದಿ ಸ್ವಚ್ಛ ಮಾಡಿದರಾಯಿತು.

ಲಾರಿ ಇಟ್ಟುಕೊಂಡ ಧಣಿಗಳಲ್ಲಿ ನನ್ನದೊಂದು ಕೋರಿಕೆ. ಸರಕಿನ ಮೇಲೆ ಹನಿ ಬೀಳದಂತೆ ಟಾರ್ಪಾಲು, ಹಗ್ಗಕ್ಕೆ ಖರ್ಚು ಮಾಡುತ್ತೀರಿ. ಕ್ಯಾಬಿನ್ನಿನ ಮೇಲೂ ಅಷ್ಟೇ ಕಾಳಜಿ ಇರಲಿ. ಮೇ ತಿಂಗಳಲ್ಲಿ, ಮಳೆಗೆ ಮೊದಲೇ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕೆಳಗಿನಿಂದ ಮೇಲಕ್ಕೆ ನೀರು ಬಿಡಿಸಿ ನೋಡಿ. ಒಳಗೆ ಡ್ರೈವರನ್ನೇ ಕೂರಿಸಿ, ಅವರ ಮಾತು ಕೇಳಿ. ದಾರಿ ಸಿಗುವ ತನಕ ಅಂಟು ಮುಟ್ಟಬೇಡಿ. ನಮ್ಮ ಟೊಮೆಟೊವನ್ನು ದೆಹಲಿಗೆ ನೆನೆಯದಂತೆ ಮುಟ್ಟಿಸುವವರು ಒಣಗಿದ ಹಾಸಿಗೆಯಲ್ಲಿ ಮಲಗಬೇಕು.