ಅಸ್ಸೇ: ತಕ್ಕಡಿಯಿಂದ ಬಂದ ಮಾತು

ಚಿನ್ನದಂಗಡಿಗಳ ದೆಸೆಯಿಂದ ಕನ್ನಡಿಗರ ನಾಲಿಗೆಗೂ ರೂಢಿಯಾಗಿರುವ ‘ಹಾಲ್‌ಮಾರ್ಕ್’ ಎಂಬ ಮಾತಿನ ಬೆನ್ನ ಹಿಂದೆ, ಅಷ್ಟಾಗಿ ಯಾರೂ ಬಳಸದ ‘ಅಸ್ಸೇ’ ಎಂಬ ಇನ್ನೊಂದು ಇಂಗ್ಲಿಷ್ ಪದವಿದೆ. ಅದಿರಿನಲ್ಲಾಗಲಿ ಒಡವೆಯಲ್ಲಾಗಲಿ ಬೆಲೆಯುಳ್ಳ ಲೋಹ ಎಷ್ಟು ಪಾಲು ಇದೆಯೆಂದು ಪರೀಕ್ಷಿಸಿ ನಿರ್ಧರಿಸುವುದು ಅದರ ಇಂದಿನ ಅರ್ಥ. ತೂಗುವಿಕೆ ಎಂಬ ಅರ್ಥದ ಲ್ಯಾಟಿನ್ ‘ಎಕ್ಸಾಗಿಯಂ’ ಹಳೆಯ ಫ್ರೆಂಚಿನಲ್ಲಿ ಎರಡು ಬಗೆಯ ಉಚ್ಚಾರಣೆ ಪಡೆದು, ಅವುಗಳಲ್ಲಿ ಒಂದು ‘ಅಸ್ಸೇ’ಯಾಗಿ ಇಂಗ್ಲಿಷಿಗೆ ಬಂತು. ತಕ್ಕಡಿಯ ಮುಳ್ಳಿಗೆ ಲ್ಯಾಟಿನ್ನಿನಲ್ಲಿ ‘ಎಕ್ಸಾಮೆನ್’ ಎಂಬ ಹೆಸರಿತ್ತು. ವಿದ್ಯಾರ್ಥಿಗಳ ನಿದ್ದೆ ಕೆಡಿಸುವ ‘ಎಕ್ಸಾಮ್’ ಕೂಡ ಅದೇ ಧಾತುವಿನ ಕುಡಿ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಪದದ ವ್ಯಾಪ್ತಿ ದೊಡ್ಡದಿತ್ತು. ಪ್ರಭುಗಳ ಊಟದಲ್ಲಿ ವಿಷ ಬೆರೆತಿಲ್ಲವೆಂದು ತೋರಿಸಲು ಸೇವಕರು ಮೊದಲು ರುಚಿ ನೋಡುತ್ತಿದ್ದುದೂ ಅಸ್ಸೇಯೇ ಆಗಿತ್ತು. 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಶಾಸನವು ಬೆಳ್ಳಿಯ ಸಾಮಾನುಗಳನ್ನು ಅಕ್ಕಸಾಲಿಗರ ಸಂಘದ ಹಿರಿಯರು ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂದು ವಿಧಿಸಿತು. 1478ರಿಂದ ಆ ಕೆಲಸ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಸಂಘದ ಭವನದಲ್ಲೇ ನಡೆಯತೊಡಗಿದ್ದರಿಂದ, ಆ ‘ಹಾಲ್’ನಲ್ಲಿ ಬಿದ್ದ ‘ಮಾರ್ಕ್’ ಹಾಲ್‌ಮಾರ್ಕ್ ಎನಿಸಿಕೊಂಡಿತು.

ಒರೆಗಲ್ಲಿಗೂ ಅಸ್ಸೇಗೂ ಇರುವ ಭೇದ ಗಮನಿಸತಕ್ಕದ್ದು. ಒರೆಗಲ್ಲು ಗೆರೆಯ ಬಣ್ಣವನ್ನು ನಂಬುತ್ತದೆ, ಆದ್ದರಿಂದ ಪಳಗಿದ ಕಣ್ಣನ್ನು ಬೇಡುತ್ತದೆ. ಅಗ್ನಿಪರೀಕ್ಷೆಯ ಅಸ್ಸೇಯಲ್ಲಾದರೋ ಚಿನ್ನದ ಚೂರನ್ನು ಮೊದಲು ತೂಗಿ, ಬೆಳ್ಳಿ ಕೂಡಿಸಿ, ಸೀಸದ ತಗಡಿನಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ‘ಕ್ಯೂಪೆಲ್’ ಎಂಬ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ಒಡ್ಡುತ್ತಾರೆ. ಕರಗಿದ ಸೀಸ ತಾಮ್ರವೇ ಮೊದಲಾದ ಕೀಳು ಲೋಹಗಳನ್ನು ಸೆಳೆದುಕೊಂಡು ಬಟ್ಟಲಿನೊಳಕ್ಕೆ ಇಂಗುತ್ತದೆ, ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ, ಉಳಿದ ಅಪ್ಪಟ ಚಿನ್ನವನ್ನು ಮತ್ತೆ ತೂಗಿದರೆ ಎರಡು ತೂಕಗಳ ಅನುಪಾತವೇ ಉತ್ತರ. 22 ಕ್ಯಾರೆಟ್ಟಿನ ಒಡವೆಯ ಮೇಲಿನ 916 ಎಂಬ ಅಂಕಿ, ಸಾವಿರ ಪಾಲಿನಲ್ಲಿ ಚಿನ್ನ ಇಷ್ಟು ಎಂಬ ಇಂಥದೇ ಲೆಕ್ಕ. ಬೆಂಕಿ, ಆಮ್ಲಗಳ ಆರ್ಭಟವೆಲ್ಲ ಮುಗಿದ ಮೇಲೂ ಕೊನೆಯ ಮಾತು ತಕ್ಕಡಿಯದೇ ಆಗಿರುವುದರಿಂದ, ಪದದ ಮೂಲಾರ್ಥ ಈ ಕಸುಬಿನಲ್ಲಿ ಸವೆಯದೆ ಉಳಿದಿದೆಯೆನ್ನಬೇಕು.

ಫ್ರೆಂಚಿನ ಇನ್ನೊಂದು ರೂಪದ ಹಾದಿ ಬೇರೆಯಾಯಿತು. 1580ರಲ್ಲಿ ಫ್ರೆಂಚ್ ಲೇಖಕ ಮಾಂಟೇನ್ ತನ್ನ ಬರಹಗಳಿಗೆ ‘ಎಸ್ಸೇ’ ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಪರೀಕ್ಷೆ, ಪ್ರಯತ್ನ ಎಂಬ ಅರ್ಥ. ತನಗೇನು ಗೊತ್ತು ಎಂಬ ಪ್ರಶ್ನೆಯನ್ನು ತಕ್ಕಡಿಯ ಚಿತ್ರದೊಡನೆ ತನ್ನ ಲಾಂಛನವಾಗಿಸಿಕೊಂಡಿದ್ದ ಆತ ತೂಗುತ್ತಿದ್ದದ್ದು ತನ್ನ ವಿವೇಚನೆಯನ್ನೇ, ತೀರ್ಪಿನ ಮುದ್ರೆ ಒತ್ತುವ ಆತುರ ಅವನಿಗಿರಲಿಲ್ಲ. 1597ರಲ್ಲಿ ಇಂಗ್ಲೆಂಡಿನ ಲೇಖಕ ಬೇಕನ್ ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬಳಸಿದ, ಆದರೆ ಅವನ ವಾಕ್ಯಗಳು ತೂಗುವುದಕ್ಕಿಂತ ಹೆಚ್ಚಾಗಿ ತೀರ್ಪನ್ನೇ ಕೊಡುತ್ತವೆ. ಕನ್ನಡದ ‘ಪ್ರಬಂಧ’ವಾದರೋ ಕಟ್ಟುವುದೆಂಬ ಅರ್ಥದ ಧಾತುವಿನಿಂದ ಬಂದದ್ದು; ಪೀಠಿಕೆ, ನಿರೂಪಣೆ, ಉಪಸಂಹಾರಗಳೆಂದು ಶಾಲೆಯಲ್ಲಿ ಅದನ್ನು ಬಿಗಿದು ಕಟ್ಟಿಸುತ್ತಾರಾಗಿ, ಮಾಂಟೇನನ ಬಗೆಯ ಬರಹ ಕನ್ನಡಕ್ಕೆ ಬಂದಾಗ ಆ ಕಟ್ಟನ್ನು ಸಡಿಲಿಸಲು ‘ಲಲಿತ’ ಎಂಬ ವಿಶೇಷಣವನ್ನು ಮುಂದಿಡಬೇಕಾಯಿತು.